ನಾದದ ಗುಣಮಟ್ಟವೋ, ಸೌಲಭ್ಯವೋ: ನಾಲ್ಕು ವಾಯ್ಸಿನ ಅನಲಾಗ್ ಸಿಂಥಸೈಜರ್ ವೇದಿಕೆಗೆ ಸಾಕಾದೀತೇ?

ತೊಕ್ಕೊಟ್ಟು ಕೀಬೋರ್ಡ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನ ಸುತ್ತಮುತ್ತ ತುಳು ನಾಟಕಗಳಿಗೆ ಹಿನ್ನೆಲೆ ಸಂಗೀತ ನುಡಿಸುತ್ತೇನೆ. ನಡುನಡುವೆ ರಸಮಂಜರಿ ಕಾರ್ಯಕ್ರಮಗಳಿಗೂ, ಭಾವಗೀತೆ ಹಾಡುವ ಗಾಯಕಿಯೊಬ್ಬರಿಗೂ ಕೀಬೋರ್ಡ್ ಸಾಥ್ ಕೊಡುವುದುಂಟು. ಈಗಿರುವ ಕೀಬೋರ್ಡಿನ ಕೆಲವು ಕೀಗಳು ಒತ್ತಿದರೂ ನುಡಿಯದ ಸ್ಥಿತಿಗೆ ಬಂದಿರುವುದರಿಂದ ಬೇರೆಯದನ್ನು ಕೊಳ್ಳಲೇಬೇಕಾಗಿದೆ.

ಎರಡು ವಾದ್ಯಗಳು ಸೆಕೆಂಡ್‌ಹ್ಯಾಂಡ್ ಆಗಿ, ಒಳ್ಳೆಯ ಸ್ಥಿತಿಯಲ್ಲಿ, ಹೆಚ್ಚುಕಡಿಮೆ ಒಂದೇ ಬೆಲೆಗೆ ಸಿಗುತ್ತಿವೆ. ಒಂದು ಕೋರ್ಗ್ ಮಿನಿಲಾಗ್, ವಿದ್ಯುತ್ ಮಂಡಲಗಳಿಂದಲೇ ನಾದ ಹುಟ್ಟಿಸುವ ಅನಲಾಗ್ ಸಿಂಥಸೈಜರ್. ಇನ್ನೊಂದು ರೋಲಂಡ್ ಜೂನೋ-ಡಿಎಸ್61, ಮೊದಲೇ ಮುದ್ರಿಸಿಟ್ಟ ನಾದಗಳನ್ನು (ಸ್ಯಾಂಪಲ್) ನುಡಿಸುವ ಡಿಜಿಟಲ್ ವಾದ್ಯ. ಮಿನಿಲಾಗ್ ಅನ್ನು ಹೆಡ್‌ಫೋನಿನಲ್ಲಿ ಕೇಳಿದಾಗ ಅದರ ನಾದಕ್ಕೆ ನಾನು ಸೋತುಹೋದೆ ಎಂದೇ ಹೇಳಬೇಕು. ಆದರೆ ಅದರಲ್ಲಿ ನಾಲ್ಕೇ ವಾಯ್ಸ್ (ಅಂದರೆ ಒಮ್ಮೆಗೆ ನಾಲ್ಕೇ ಸ್ವರ), 37 ಸಣ್ಣ ಕೀಗಳು, ಎಡಗೈಗೊಂದು ಬಲಗೈಗೊಂದು ನಾದವೆಂದು ಕೀಬೋರ್ಡನ್ನು ಭಾಗ ಮಾಡುವ ಸ್ಪ್ಲಿಟ್ ಇಲ್ಲ, ಕೈ ಎತ್ತಿದ ಮೇಲೂ ಸ್ವರ ಉಳಿಸುವ ಸಸ್ಟೈನ್ ಪೆಡಲ್ ಜೋಡಿಸಲು ಜಾಗವೂ ಇಲ್ಲ. ಡಿಎಸ್61ರಲ್ಲಿ 61 ಪೂರ್ಣ ಗಾತ್ರದ ಕೀಗಳು, 128 ವಾಯ್ಸ್, ಪಿಯಾನೋದಿಂದ ಹಿಡಿದು ಕೊಳಲಿನವರೆಗೆ ಎಲ್ಲವೂ ಇದೆ. ಆದರೆ ಅದರ ಸಿಂಥ್ ನಾದಗಳು ಮಿನಿಲಾಗ್ ಕೇಳಿದ ಕಿವಿಗೆ ತುಸು ಚಪ್ಪಟೆ ಎನಿಸಿದವು.

ಸೌಲಭ್ಯಗಳ ಕೊರತೆಯನ್ನು ಅಭ್ಯಾಸದಿಂದ ತುಂಬಿಕೊಳ್ಳಬಹುದು, ನಾದದ ಕೊರತೆಯನ್ನು ತುಂಬಿಕೊಳ್ಳಲಾಗದು ಎಂದು ಒಬ್ಬ ಸ್ನೇಹಿತರು ಹೇಳುತ್ತಾರೆ. ಈ ಮಾತು ವೇದಿಕೆಯಲ್ಲಿ ನುಡಿಸುವವನಿಗೂ ಅನ್ವಯಿಸುತ್ತದೆಯೇ? ಅನುಭವವುಳ್ಳವರು ತಿಳಿಸಬೇಕಾಗಿ ಕೋರಿಕೆ.

ಕಾಪು ಲೈಟ್‌ಹೌಸ್

ನಿಮ್ಮ ಸ್ನೇಹಿತರ ಮಾತು ಸ್ಟುಡಿಯೋದಲ್ಲಿ ನಿಜ. ವೇದಿಕೆಯ ಮೇಲೆ ಅರ್ಧ ಮಾತ್ರ ನಿಜ.

ಹಳೆಯ ವಾದ್ಯಗಳ ಉದಾಹರಣೆಯನ್ನು ಈ ಚರ್ಚೆಯಲ್ಲಿ ಎಲ್ಲರೂ ತರುತ್ತಾರೆ. 1970ರ ಮಿನಿಮೂಗ್‌ನಲ್ಲಿ ಒಮ್ಮೆಗೆ ಒಂದೇ ಸ್ವರ ನುಡಿಯುತ್ತಿತ್ತು, ಹೊಂದಿಸಿಕೊಂಡ ನಾದವನ್ನು ಉಳಿಸಿಡುವ ಮೆಮೊರಿಯೂ ಇರಲಿಲ್ಲ. 1978ರ ಪ್ರಾಫೆಟ್-5ಕ್ಕೆ ಮೆಮೊರಿ ಬಂತು, ಆದರೆ ವಾಯ್ಸ್ ಐದೇ. 1984ರ ಜೂನೋ-106ರಲ್ಲಿ ಆರು ವಾಯ್ಸ್, ಒಂದೊಂದಕ್ಕೂ ಒಂದೇ ಆಸಿಲೇಟರ್ (ಮೂಲ ನಾದವನ್ನು ಹುಟ್ಟಿಸುವ ಭಾಗ). ಕೀಯನ್ನು ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಅದಕ್ಕೆ ಒಂದೇ. ಇಷ್ಟು ಮಿತಿಗಳಿದ್ದರೂ ಇಂದಿಗೂ ಜನ ಇವುಗಳನ್ನು ಹುಡುಕಿಕೊಂಡು ಹೋಗುವುದು ನಾದಕ್ಕಾಗಿಯೇ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಈ ವಾದವನ್ನು ಮುಂದಿಡುವವರು ಒಂದನ್ನು ಮರೆಯುತ್ತಾರೆ. ಧ್ವನಿಮುದ್ರಣದಲ್ಲಿ ಒಂದರ ಮೇಲೊಂದು ಟ್ರ್ಯಾಕ್ ಹಾಕಿಕೊಂಡು ಹೋದರೆ ನಾಲ್ಕು ವಾಯ್ಸ್ ನಲವತ್ತಾಗುತ್ತದೆ. ವೇದಿಕೆಯಲ್ಲಿ ಅದು ನಾಲ್ಕಾಗಿಯೇ ಉಳಿಯುತ್ತದೆ. ಆ ಕಾಲದ ದೊಡ್ಡ ತಂಡಗಳು ಒಬ್ಬ ವಾದಕನ ಸುತ್ತ ಮೂರು ನಾಲ್ಕು ಕೀಬೋರ್ಡ್‌ಗಳನ್ನು ಇಟ್ಟುಕೊಂಡಿದ್ದವು. ನಮಗೆ ಪುರಭವನದ ರಂಗದ ಬದಿಯಲ್ಲಿ ಒಂದು ಸ್ಟ್ಯಾಂಡ್ ಇಡುವಷ್ಟು ಜಾಗ ಸಿಕ್ಕಿದರೆ ಅದೇ ದೊಡ್ಡದು.

ನಾಲ್ಕು ವಾಯ್ಸ್ ಎಂದರೇನೆಂದು ಅಂಗಡಿಯಲ್ಲಿ ತಿಳಿಯುವುದಿಲ್ಲ, ಹಾಡಿನೊಳಗೆ ತಿಳಿಯುತ್ತದೆ. ಎಡಗೈಯಲ್ಲಿ ಒಂದು ಬೇಸ್, ಬಲಗೈಯಲ್ಲಿ ಮೂರು ಸ್ವರಗಳ ಕಾರ್ಡ್ ಹಿಡಿದರೆ ನಾಲ್ಕೂ ಮುಗಿಯಿತು. ಮಾಧುರ್ಯದ ಒಂದು ಸಾಲನ್ನು ಮೇಲೆ ಸೇರಿಸಿದಿರೋ, ಮೊದಲೇ ಹಿಡಿದಿದ್ದ ಯಾವುದೋ ಒಂದು ಸ್ವರವನ್ನು ವಾದ್ಯವೇ ಬಿಟ್ಟುಬಿಡುತ್ತದೆ. ಇದಕ್ಕಿಂತ ಹೆಚ್ಚು ಕಾಡುವುದು ಬಾಲದ ಸಮಸ್ಯೆ. ಕೈ ಎತ್ತಿದ ಮೇಲೂ ಎರಡು ಮೂರು ಸೆಕೆಂಡು ಮೆಲ್ಲಗೆ ಕರಗುವಂತೆ ರಿಲೀಸ್ ಇಟ್ಟ ಸ್ಟ್ರಿಂಗ್ಸ್ ನಾದದಲ್ಲಿ ಸಿ ಕಾರ್ಡಿನಿಂದ ಎಫ್ ಕಾರ್ಡಿಗೆ ಹೋಗುವಾಗ ಹೊಸ ನಾಲ್ಕು ಸ್ವರಗಳಿಗೂ ವಾಯ್ಸ್ ಬೇಕಾಗುವುದರಿಂದ ಹಳೆಯ ನಾಲ್ಕೂ ಸ್ವರಗಳ ಬಾಲ ಅಲ್ಲೇ ಕತ್ತರಿಸಿ ಹೋಗುತ್ತದೆ. ಯಾವ ಮೃದುತ್ವಕ್ಕಾಗಿ ಆ ವಾದ್ಯವನ್ನು ಕೊಂಡಿರೋ ಅದೇ ಮೃದುತ್ವ ಕಾರ್ಡ್ ಬದಲಾದ ಕಡೆಯಲ್ಲೆಲ್ಲ ಕಾಣೆಯಾಗುತ್ತದೆ. ಇದು ಅಭ್ಯಾಸದಿಂದ ದಾಟುವ ಮಿತಿಯಲ್ಲ. ಹೆಚ್ಚೆಂದರೆ ರಿಲೀಸ್ ಕಡಿಮೆ ಮಾಡಬಹುದು, ಕಾರ್ಡನ್ನು ಎರಡು ಸ್ವರಗಳಿಗೆ ಇಳಿಸಬಹುದು. ಆಗ ನಾದಕ್ಕಾಗಿ ಸಂಗೀತವನ್ನು ಕಡಿತಗೊಳಿಸಿದಂತಾಯಿತು.

ಹಾಗೆಂದು 128 ಎಂಬ ಅಂಕಿಗೂ ಮರುಳಾಗಬೇಡಿ. ಡಿಎಸ್‌ನ ಒಂದು ಪ್ಯಾಚಿನಲ್ಲಿ (ಹೊಂದಿಸಿಟ್ಟ ಒಂದು ನಾದದಲ್ಲಿ) ಅದನ್ನು ಕಟ್ಟುವ ನಾಲ್ಕು ಟೋನ್‌ಗಳವರೆಗೆ ಇರಬಹುದು. ನಾಲ್ಕೂ ಬಳಕೆಯಾದ ಪ್ಯಾಚಿನಲ್ಲಿ ಒಂದು ಕೀ ಒತ್ತಿದರೆ ನಾಲ್ಕು ವಾಯ್ಸ್ ಖರ್ಚು. ಅಂದರೆ 128 ಎಂಬುದು 32 ಸ್ವರವಾಯಿತು. ಅಂಥ ಎರಡು ಪ್ಯಾಚುಗಳನ್ನು ಲೇಯರ್ ಮಾಡಿದರೆ, ಅಂದರೆ ಒಂದೇ ಕೀಗೆ ಒಟ್ಟಿಗೆ ನುಡಿಯುವಂತೆ ಇಟ್ಟರೆ, 16. ಪೆಡಲ್ ಒತ್ತಿಹಿಡಿದು ಪಿಯಾನೋ ಮತ್ತು ಸ್ಟ್ರಿಂಗ್ಸ್ ಒಟ್ಟಿಗೆ ನುಡಿಸುವವನಿಗೆ ಅದು ಮುಗಿಯದ ಭಂಡಾರವೇನಲ್ಲ, ಆದರೆ ಸಾಕಾಗುತ್ತದೆ.

ರಸಮಂಜರಿಯಲ್ಲಿ ಸಾಲುಸಾಲಾಗಿ ಚಿತ್ರಗೀತೆಗಳು ಬರುತ್ತವೆ, ಪ್ರತಿ ಹಾಡಿಗೂ ಕೊಳಲೋ ಸಿತಾರೋ ವಯಲಿನ್ನೋ ಬೇಕು. ಮಿನಿಲಾಗ್‌ನಲ್ಲಿ ಇವು ಯಾವುದೂ ಇಲ್ಲ, ಇರಲು ಸಾಧ್ಯವೂ ಇಲ್ಲ. ನಾನಾಗಿದ್ದರೆ ಡಿಎಸ್ ಕೊಳ್ಳುತ್ತಿದ್ದೆ.

ಮಣಿಪಾಲ ಮಿಕ್ಸರ್

ವಾಯ್ಸಿನ ಲೆಕ್ಕವನ್ನು ಕಾಪುವಿನವರು ಸರಿಯಾಗಿ ಬಿಡಿಸಿದ್ದಾರೆ. ನಾನು ಧ್ವನಿ ವ್ಯವಸ್ಥೆಯ ಕಡೆಯಿಂದ ಒಂದಷ್ಟು ಹೇಳುತ್ತೇನೆ, ಏಕೆಂದರೆ ಹೆಡ್‌ಫೋನಿನಲ್ಲಿ ಕೇಳಿದ ನಾದಕ್ಕೂ ಸಭಾಂಗಣದ ಕೊನೆಯ ಸಾಲಿನಲ್ಲಿ ಕುಳಿತವರಿಗೆ ಕೇಳುವ ನಾದಕ್ಕೂ ಇರುವ ಅಂತರವನ್ನು ಬಿಟ್ಟು ಗುಣಮಟ್ಟದ ಮಾತಾಡುವುದರಲ್ಲಿ ಅರ್ಥವಿಲ್ಲ.

ನಮ್ಮ ಕಡೆಯ ಹೆಚ್ಚಿನ ಕಾರ್ಯಕ್ರಮಗಳಲ್ಲಿ ಸೌಂಡ್ಸಿನವರು ಎರಡೂ ಬದಿಯ ಸ್ಪೀಕರುಗಳಿಗೆ ಒಂದೇ ಮೋನೋ ಸಂಕೇತ ಕೊಡುತ್ತಾರೆ. ಅದು ಸೋಮಾರಿತನವಲ್ಲ, ಎಡಬದಿಯಲ್ಲಿ ಕುಳಿತವರಿಗೂ ಬಲಬದಿಯ ನಾದ ಕೇಳಬೇಕಲ್ಲ. ಆದರೆ ಇದರಿಂದ ಪೆಟ್ಟು ಬೀಳುವುದು ಸ್ಟೀರಿಯೋದಲ್ಲಿ ಮುದ್ರಿಸಿದ ಪಿಯಾನೋ, ಅಗಲವಾದ ಕೋರಸ್ ಎಫೆಕ್ಟ್ ಇರುವ ಸ್ಟ್ರಿಂಗ್ಸ್ ಮುಂತಾದವಕ್ಕೆ. ಎಡ ಬಲಗಳನ್ನು ಕೂಡಿಸಿದಾಗ ಕೆಲವು ಕಂಪನಗಳು ಒಂದನ್ನೊಂದು ಕಳೆದುಕೊಂಡು ನಾದ ಟೊಳ್ಳಾಗುತ್ತದೆ. ಅಂಗಡಿಯಲ್ಲಿ ರಾಜಗಾಂಭೀರ್ಯದಿಂದ ನುಡಿದ ಪಿಯಾನೋ ಪುರಭವನದಲ್ಲಿ ಕೊಳವೆಯೊಳಗಿಂದ ಬಂದಂತೆ ಕೇಳಿದರೆ ಕಾರಣ ಇದೇ ಆಗಿರುವ ಸಾಧ್ಯತೆ ಹೆಚ್ಚು. ಮಿನಿಲಾಗ್‌ಗೆ ಮೊದಲೇ ಒಂದೇ ಮೋನೋ ಔಟ್‌ಪುಟ್ ಇರುವುದರಿಂದ ಕಳೆದುಕೊಳ್ಳಲು ಏನೂ ಇಲ್ಲ. ಸ್ಪೆಸಿಫಿಕೇಶನ್ ಓದುವವನಿಗೆ ಕೊರತೆ ಎನಿಸುವುದು ಇಲ್ಲಿ ಒಂದು ಬಗೆಯ ಅನುಕೂಲ. ಡಿಎಸ್ ಕೊಳ್ಳುವುದಾದರೆ ಎಲ್/ಮೋನೋ ಎಂಬ ಜ್ಯಾಕಿಗೆ ಮಾತ್ರ ಕೇಬಲ್ ಹಾಕಿ, ಇನ್ನೊಂದನ್ನು ಖಾಲಿ ಬಿಟ್ಟು, ನಿಮ್ಮ ಮುಖ್ಯ ನಾದಗಳನ್ನೆಲ್ಲ ಕೇಳಿ ನೋಡಿ. ಮೋನೋದಲ್ಲಿ ಗಟ್ಟಿಯಾಗಿ ನಿಲ್ಲುವ ಪಿಯಾನೋವನ್ನೇ ವೇದಿಕೆಗೆ ಆರಿಸಿಕೊಳ್ಳಿ.

ಇನ್ನು ಗುಣಮಟ್ಟವನ್ನು ಅಳೆಯುವ ಬಗೆ. ಅಂಗಡಿಯಲ್ಲಿ ಮೊದಲು ನುಡಿಯುವ ಪ್ಯಾಚ್‌ಗಳೆಲ್ಲ ರಿವರ್ಬ್ ಮತ್ತು ಡಿಲೇಗಳ (ಅನುರಣನ, ಪ್ರತಿಧ್ವನಿ) ಒಡವೆ ತೊಟ್ಟಿರುತ್ತವೆ. ಆ ಎಫೆಕ್ಟ್‌ಗಳನ್ನು ಆಫ್ ಮಾಡಿಬಿಡಿ. ಆಮೇಲೆ ಒಂದೇ ಸ್ವರವನ್ನು ಹತ್ತು ಹದಿನೈದು ಸೆಕೆಂಡು ಹಿಡಿಯಿರಿ. ಸ್ಯಾಂಪಲ್ ಆಧಾರಿತ ವಾದ್ಯದಲ್ಲಿ ಚಿಕ್ಕ ತುಣುಕೊಂದು ಮತ್ತೆ ಮತ್ತೆ ಸುತ್ತುವುದು ಕಿವಿಗೆ ಸಿಗುತ್ತದೆ. ಅದೇ ಕೀಯನ್ನು ಅತಿ ಮೆಲ್ಲಗಿನಿಂದ ಅತಿ ಜೋರಿನವರೆಗೆ ಒತ್ತುತ್ತ ಹೋದರೆ ಪಿಯಾನೋ ಎಷ್ಟು ಪದರಗಳಲ್ಲಿ ಮುದ್ರಿತವಾಗಿದೆ, ಪದರ ಬದಲಾಗುವಾಗ ಜಿಗಿತ ಕೇಳುತ್ತದೆಯೇ ಎಂಬುದು ತಿಳಿಯುತ್ತದೆ. ನಾದದ ಹೊಳಪನ್ನು ಏರಿಳಿಸುವ ಫಿಲ್ಟರನ್ನು ಬಹಳ ನಿಧಾನವಾಗಿ ತೆರೆದು ಮುಚ್ಚಿ ನೋಡಿ. ಕೆಲವು ಡಿಜಿಟಲ್ ವಾದ್ಯಗಳಲ್ಲಿ ನಾಬಿನ ಚಲನೆ 0ಯಿಂದ 127ರವರೆಗಿನ ಮೆಟ್ಟಿಲುಗಳಾಗಿ ಒಡೆಯುವುದರಿಂದ ನಾದ ಜಾರುವ ಬದಲು ಹೆಜ್ಜೆ ಹಾಕುತ್ತದೆ. ನಾಟಕದವರಾದ ನಿಮಗೆ ಇನ್ನೊಂದು ಪರೀಕ್ಷೆ ಅಗತ್ಯ: ಒಂದು ಸ್ವರವನ್ನು ಹಿಡಿದಿರುವಾಗಲೇ ಮುಂದಿನ ಪ್ಯಾಚಿಗೆ ಬದಲಿಸಿದರೆ ಹಿಂದಿನ ನಾದ ತಾನಾಗಿ ಕರಗುತ್ತದೆಯೋ, ತಟ್ಟನೆ ಕಡಿಯುತ್ತದೆಯೋ?

ಈ ಪರೀಕ್ಷೆಗಳ ಮುಂದೆ ಅನಲಾಗ್, ಡಿಜಿಟಲ್ ಎಂಬ ಜಾತಿವಿಚಾರ ಅಷ್ಟು ಮುಖ್ಯವಾಗುವುದಿಲ್ಲ. 1988ರ ಕೋರ್ಗ್ ಎಂ1ರ ಒಳಗಿದ್ದ ಒಟ್ಟು ಸ್ಯಾಂಪಲ್‌ಗಳು ಕೇವಲ 4 ಮೆಗಾಬೈಟ್. ಆದರೂ ಅದರ ಪಿಯಾನೋ ಮತ್ತು ಆರ್ಗನ್ ನಾದಗಳು ಒಂದು ಪೀಳಿಗೆಯ ನೃತ್ಯ ಸಂಗೀತವನ್ನೇ ಹೊತ್ತುಕೊಂಡವು. ಅವು ನಿಜವಾದ ಪಿಯಾನೋದಂತೆ ಇರಲಿಲ್ಲ, ಉಳಿದ ವಾದ್ಯಗಳ ನಡುವೆ ಸೀಳಿಕೊಂಡು ಕೇಳುತ್ತಿದ್ದವು.

ಬಿಜೈ ಆರ್ಗನ್

ನಾನು ಸ್ವಲ್ಪ ಭಿನ್ನವಾಗಿ ಯೋಚಿಸುತ್ತೇನೆ. ನಾನು ಇಗರ್ಜಿಯ ಗಾಯನ ವೃಂದಕ್ಕೆ ನುಡಿಸುವವನು. ಸೊಪ್ರಾನೋ, ಆಲ್ಟೋ, ಟೆನರ್, ಬೇಸ್ ಎಂದು ನಾಲ್ಕು ಸಾಲುಗಳಲ್ಲಿ ಬರೆದ ಕೊಂಕಣಿ ಗೀತೆಗಳಿಗೆ ನಾಲ್ಕು ವಾಯ್ಸ್ ಅಕ್ಷರಶಃ ಸಾಕು, ಒಂದು ಸ್ವರವೂ ಮಿಗುವುದಿಲ್ಲ. ಹಾಗೆ ನುಡಿಸುತ್ತೇನೆಂದಲ್ಲ, ನನಗೂ ಪೆಡಲ್ ಬೇಕು, ಅಗಲವಾದ ಕೀಬೋರ್ಡ್ ಬೇಕು.

ಆದರೆ ಪ್ರಶ್ನೆ ಕೇಳಿದವರು ಮೊದಲು ಹೆಸರಿಸಿದ್ದು ತುಳು ನಾಟಕವನ್ನು, ರಸಮಂಜರಿಯನ್ನಲ್ಲ. ನಾಟಕದ ಹಿನ್ನೆಲೆಯಲ್ಲಿ ಕೀಬೋರ್ಡ್ ಮಾಡುವ ಕೆಲಸವೇನು? ತಾಯಿ ಮಗನ ಮುಂದೆ ದೀರ್ಘವಾಗಿ ಮಾತಾಡುವಾಗ ಅಡಿಯಲ್ಲಿ ಒಂದು ಮಂದ್ರ ಸ್ವರ. ಬಹಳವೆಂದರೆ ಅದರ ಪಂಚಮ. ಎರಡು ನಿಮಿಷ ಅದೇ ಸ್ವರ. ಇಂಥ ಕಡೆ ಸ್ಯಾಂಪಲ್ ಆಧಾರಿತ ನಾದ ಮೂವತ್ತು ಸೆಕೆಂಡಿನಲ್ಲಿ ಗೋಡೆಗೆ ಬಳಿದ ಬಣ್ಣದಂತೆ ನಿಶ್ಚಲವಾಗುತ್ತದೆ. ಮಿನಿಲಾಗ್‌ನ ಪ್ರತಿ ವಾಯ್ಸಿನಲ್ಲೂ ಇರುವ ಎರಡು ಆಸಿಲೇಟರುಗಳನ್ನು ಕೂದಲೆಳೆಯಷ್ಟು ಬೇಸುರಿಗೆ ತಂದರೆ ಅವುಗಳ ನಡುವಣ ತೂಗಾಟ ಕ್ಷಣಕ್ಷಣಕ್ಕೂ ಬದಲಾಗುತ್ತಲೇ ಇರುತ್ತದೆ. ಎಡಗೈಯನ್ನು ಫಿಲ್ಟರಿನ ನಾಬಿನ ಮೇಲಿಟ್ಟು ನಟನ ಉಸಿರಿನೊಂದಿಗೆ ಅದನ್ನು ತೆರೆಯಬಹುದು, ಮುಚ್ಚಬಹುದು. ಸಭಿಕರು ಇದನ್ನು ಗುರುತಿಸಿ ಹೇಳಲಾರರು, ನಿಜ. ಆದರೆ ದೃಶ್ಯ ಬಿಗಿಯಾಗಿರುವುದು ಅವರಿಗೆ ತಿಳಿಯುತ್ತದೆ, ಮತ್ತು ನುಡಿಸುವವನಿಗೆ ನಾದ ಹಿಡಿಸಿದ್ದರೆ ಅವನು ಕಡಿಮೆ ನುಡಿಸುತ್ತಾನೆ. ನಮ್ಮ ನಾಟಕಗಳ ಹಿನ್ನೆಲೆ ಸಂಗೀತಕ್ಕೆ ಇಂದು ತುರ್ತಾಗಿ ಬೇಕಾಗಿರುವುದು ಅದೇ ಎಂದು ನನ್ನ ಅಭಿಪ್ರಾಯ, ಯಾರೂ ಬೇಸರಿಸಬಾರದು.

ಆದ್ದರಿಂದ ಎಷ್ಟು ವಾಯ್ಸ್ ಬೇಕು ಎಂದು ಸಾಮಾನ್ಯವಾಗಿ ಕೇಳಿಕೊಳ್ಳುವ ಬದಲು, ನಿಮ್ಮ ಕೈಯಲ್ಲಿರುವ ಒಂದು ನಾಟಕದ ದೃಶ್ಯಗಳನ್ನು ಹಾಳೆಯ ಮೇಲೆ ಬರೆದು, ಎಲ್ಲಿ ಒಂದೆರಡು ಸ್ವರ ಸಾಕು, ಎಲ್ಲಿ ಪೂರ್ಣ ಕಾರ್ಡ್ ಬೇಕು ಎಂದು ಗುರುತು ಹಾಕಿಕೊಳ್ಳಿ.

ತೊಕ್ಕೊಟ್ಟು ಕೀಬೋರ್ಡ್

ಎಲ್ಲರಿಗೂ ಧನ್ಯವಾದ. ಬಿಜೈಯವರು ಹೇಳಿದಂತೆ ಗುರುತು ಹಾಕಿದೆ. ದುಃಖದ, ಭಯದ ದೃಶ್ಯಗಳಲ್ಲಿ ಒಂದೆರಡು ಸ್ವರಗಳೇ ಸಾಕೆಂಬುದು ನಿಜವೇ. ಆದರೆ ನಾಟಕದ ಆರಂಭದ ಪ್ರಾರ್ಥನೆ, ನಡುವಿನ ಹಾಡುಗಳು, ಹಾಸ್ಯದ ಕುಣಿತ ಇವೆಲ್ಲಕ್ಕೂ ಎಡಗೈ ಬೇಸ್ ಮತ್ತು ಬಲಗೈ ಕಾರ್ಡ್ ಎರಡೂ ಬೇಕು. ಬೇಸ್ ನುಡಿಸುವವರು ನಮ್ಮ ತಂಡದಲ್ಲಿ ಬೇರೆ ಇಲ್ಲ. ಸ್ಪ್ಲಿಟ್ ಇಲ್ಲದೆ ಆಗದು ಎನಿಸುತ್ತಿದೆ.

ಇನ್ನೊಂದು ಸಂದೇಹ. ಭಾವಗೀತೆಯ ಗಾಯಕಿ ಶಾಸ್ತ್ರೀಯವಾಗಿ ಕಲಿತವರು. ಅವರ ಆಲಾಪಕ್ಕೆ ಉತ್ತರವಾಗಿ ಕೊಳಲಿನ ನಾದದಲ್ಲಿ ಸಣ್ಣ ಗಮಕಗಳನ್ನು ಕೊಡಲು ಹೋದರೆ ಸ್ವರಗಳು ಬಿಡಿಬಿಡಿಯಾಗಿ ಉದುರುತ್ತವೆ. ಇದು ನಾದದ ಗುಣಮಟ್ಟದ ಕೊರತೆಯೋ, ಸೌಲಭ್ಯದ ಕೊರತೆಯೋ?

ಶ್ರುತಿಪೆಟ್ಟಿಗೆ, ಉಡುಪಿ

ಗಮಕದ ಮಟ್ಟಿಗೆ ಇವೆರಡನ್ನೂ ಬೇರ್ಪಡಿಸಲಾಗದು. ತೋಡಿಯ ಗಾಂಧಾರವನ್ನು ತೆಗೆದುಕೊಳ್ಳಿ. ಎಷ್ಟೇ ಶ್ರೇಷ್ಠವಾದ ಕೊಳಲಿನ ಸ್ಯಾಂಪಲ್ ಇರಲಿ, ಆ ಸ್ವರ ಅಲುಗದಿದ್ದರೆ ಅದು ತೋಡಿಯಾಗುವುದಿಲ್ಲ. ಸಾಧಾರಣ ನಾದವೊಂದು ಸರಿಯಾಗಿ ಅಲುಗಿದರೆ ರಾಗ ಅರ್ಧದಷ್ಟು ಬಂದೇ ಬಿಡುತ್ತದೆ.

ಅಲುಗಾಡಿಸುವ ಸಾಧನ ಪಿಚ್ ಬೆಂಡ್, ಹಿಡಿದ ಸ್ವರದ ಶ್ರುತಿಯನ್ನು ಮೇಲಕ್ಕೂ ಕೆಳಕ್ಕೂ ಎಳೆಯುವ ನಿಯಂತ್ರಣ. ವಿದ್ಯುನ್ಮಾನ ವಾದ್ಯಗಳು ಸಂದೇಶ ಕಳಿಸಲು ಬಳಸುವ ಮಿಡಿ ವ್ಯವಸ್ಥೆಯಲ್ಲಿ ಉಳಿದ ನಿಯಂತ್ರಣಗಳಿಗೆ ಸಾಮಾನ್ಯವಾಗಿ 128 ಮೆಟ್ಟಿಲುಗಳಾದರೆ ಪಿಚ್ ಬೆಂಡ್‌ಗೆ 16,384 ಮೆಟ್ಟಿಲುಗಳನ್ನು ಕೊಟ್ಟಿದ್ದಾರೆ, ಏಕೆಂದರೆ ಶ್ರುತಿಯಲ್ಲಿ ಆಗುವ ಜಿಗಿತವನ್ನು ಕಿವಿ ಎಲ್ಲಕ್ಕಿಂತ ಬೇಗ ಹಿಡಿಯುತ್ತದೆ. ಆದರೆ ಬೆಂಡ್ ಒಂದು ಚಾನೆಲಿನ ಎಲ್ಲ ಸ್ವರಗಳನ್ನೂ ಒಟ್ಟಿಗೆ ಎಳೆಯುತ್ತದೆ. ಕೊಳಲಿನ ಗಾಂಧಾರವನ್ನು ಎಳೆದಾಗ ಕೆಳಗೆ ಹಿಡಿದ ಷಡ್ಜವೂ ಎಳೆದುಕೊಂಡು ಹೋದರೆ ಎಂಥ ಅನರ್ಥ ಎಂದು ನೀವೇ ಊಹಿಸಿ! ಆದ್ದರಿಂದ ಎಡಗೈಯ ಆಧಾರ ನಾದ ಒಂದು ಪಾರ್ಟಿನಲ್ಲೂ ಬಲಗೈಯ ಕೊಳಲು ಇನ್ನೊಂದರಲ್ಲೂ ಇದ್ದು, ಬೆಂಡ್ ಬಲಗೈಯದಕ್ಕೆ ಮಾತ್ರ ತಾಗುವಂತೆ ಇಡುವ ಅವಕಾಶ ಇದೆಯೇ ಎಂಬುದನ್ನು ಕೊಳ್ಳುವ ಮೊದಲೇ ವಾದ್ಯದ ಮೇಲೆ ಮಾಡಿ ನೋಡಿ. ಮಿನಿಲಾಗ್‌ನಲ್ಲಿ ಒಂದೇ ಕಾಲಕ್ಕೆ ಒಂದೇ ಪ್ಯಾಚ್ ನುಡಿಯುವುದರಿಂದ ಹೀಗೆ ಬೇರ್ಪಡಿಸುವ ಅವಕಾಶವೇ ಇಲ್ಲ.

ನಿಮ್ಮ ಸ್ವರಗಳು ಉದುರುವುದಕ್ಕೆ ಬಹುಶಃ ಬೇರೆ ಕಾರಣವಿದೆ. ಕೊಳಲಿನ ಪ್ಯಾಚನ್ನು ಮೋನೋ (ಇಲ್ಲಿ ಒಮ್ಮೆಗೆ ಒಂದೇ ಸ್ವರ ಎಂದರ್ಥ) ಮತ್ತು ಲೆಗಾಟೋ ಸ್ಥಿತಿಗೆ ತನ್ನಿ. ಆಗ ಒಂದು ಕೀಯನ್ನು ಬಿಡದೆ ಇನ್ನೊಂದನ್ನು ಒತ್ತಿದಾಗ ಪ್ರತಿ ಸ್ವರಕ್ಕೂ ಹೊಸದಾಗಿ ಊದಿದ ಶಬ್ದ ಬಾರದೆ ಒಂದೇ ಉಸಿರಿನಲ್ಲಿ ಸ್ವರ ಬದಲಾಗುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸುವ ಪೋರ್ಟಮೆಂಟೋವನ್ನು ತೀರ ಕಡಿಮೆ ಇಡಿ, ಹೆಚ್ಚಾದರೆ ಎಲ್ಲ ಸ್ವರಗಳೂ ಜಾರುಬಂಡೆಯಾಗುತ್ತವೆ. ಬೆಂಡಿನ ವ್ಯಾಪ್ತಿ ಎರಡು ಅರ್ಧಸ್ವರ ಇದ್ದರೆ ಕಂಪಿತಕ್ಕೆ ಸಾಕು. ಪಂಚಮದಿಂದ ಮೇಲಿನ ಷಡ್ಜಕ್ಕೆ ಒಂದೇ ಎಳೆತದಲ್ಲಿ ಹೋಗಬೇಕಾದರೆ ಐದು ಬೇಕು. ಆದರೆ ವ್ಯಾಪ್ತಿ ಹೆಚ್ಚಿದಂತೆ ಸಣ್ಣ ಅಲುಗಾಟಗಳ ಮೇಲಿನ ಹಿಡಿತ ತಪ್ಪುತ್ತದೆ. ನಾನು ಎರಡರಲ್ಲೇ ಇಟ್ಟು ದೊಡ್ಡ ಜಾರುಗಳನ್ನು ಗಾಯಕರಿಗೇ ಬಿಟ್ಟುಕೊಡುತ್ತೇನೆ.

ಶ್ರುತಿಯ ವಿಷಯದಲ್ಲಿ ಇನ್ನೊಂದು ಮಾತು. ಗಾಯಕಿ ಕಪ್ಪು ಮೂರು, ಬಿಳಿ ಐದು ಎಂದು ಒಂದೊಂದು ಹಾಡಿಗೆ ಒಂದೊಂದು ಶ್ರುತಿ ಕೇಳಿದಾಗ ಇಡೀ ಕೀಬೋರ್ಡಿನ ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಬಟನ್ ಕೈಗೆ ತಕ್ಷಣ ಸಿಗುವಂತಿರಬೇಕು. ಅನಲಾಗ್ ಆಸಿಲೇಟರುಗಳ ಶ್ರುತಿ ತಾಪಮಾನಕ್ಕೆ ತಕ್ಕಂತೆ ಸರಿಯುವ ಸ್ವಭಾವದ್ದು. ಮಿನಿಲಾಗ್ ತನ್ನನ್ನು ತಾನೇ ಶ್ರುತಿ ಮಾಡಿಕೊಳ್ಳುತ್ತದೆ, ಆದರೂ ಬಯಲು ರಂಗಮಂದಿರದಲ್ಲಿ ಬಿಸಿಲಿರುವಾಗ ಜೋಡಿಸಿ ರಾತ್ರಿ ನುಡಿಸುವವರು ಆರಂಭಕ್ಕೆ ಮುನ್ನ ಒಮ್ಮೆ ಶ್ರುತಿಪೆಟ್ಟಿಗೆಯೊಂದಿಗೆ ಹೋಲಿಸಿಕೊಳ್ಳುವುದು ಒಳ್ಳೆಯದು.

ಕಾಪು ಲೈಟ್‌ಹೌಸ್

ಯಾರೂ ಎತ್ತದ ಒಂದು ಸೌಲಭ್ಯವನ್ನು ಸೇರಿಸುತ್ತೇನೆ. ಡಿಎಸ್61 ಎಂಟು ಎಎ ಬ್ಯಾಟರಿಗಳಿಂದಲೂ ನಡೆಯುತ್ತದೆ. ವಿದ್ಯುತ್ ಹೋಗಿ ಜನರೇಟರ್ ಹಿಡಿಯುವ ಆ ಕೆಲವು ಸೆಕೆಂಡುಗಳಲ್ಲಿ ಅಡಾಪ್ಟರ್ ಮಾತ್ರ ನಂಬಿದ ವಾದ್ಯ ಆರಿ, ಮತ್ತೆ ಮೊದಲಿನಿಂದ ಏಳಬೇಕಾಗುತ್ತದೆ. ಉಳಿಸಿಕೊಳ್ಳದ ಬದಲಾವಣೆಗಳೆಲ್ಲ ಹೋದವು. ಬ್ಯಾಟರಿಯಿಂದಲೇ ನಡೆಯುತ್ತಿರುವ ವಾದ್ಯ ಆ ಹೊತ್ತಿನಲ್ಲೂ ನೀವು ಇಟ್ಟ ಪ್ಯಾಚಿನಲ್ಲೇ ಇರುತ್ತದೆ. ಮೇ ತಿಂಗಳ ಗುಡುಗು ಮಳೆ ಶುರುವಾದ ಮೇಲೆ ನಮ್ಮ ಕಡೆ ಇದು ಸಣ್ಣ ವಿಷಯವಲ್ಲ ಮಾರಾಯರೇ. ತೂಕವೂ 5.3 ಕಿಲೋ, ಬೈಕಿನ ಹಿಂದೆ ಕುಳಿತು ಹೆಗಲಿಗೆ ಹಾಕಿಕೊಳ್ಳಬಹುದು.

ಸೆಕೆಂಡ್‌ಹ್ಯಾಂಡ್ ಯಾವುದನ್ನೇ ಕೊಂಡರೂ ಪ್ರತಿ ನಾಬ್ ಮತ್ತು ಸ್ಲೈಡರನ್ನು ನಾದ ನುಡಿಯುತ್ತಿರುವಾಗಲೇ ತಿರುಗಿಸಿ ನೋಡಿ. ಕರಕರ ಎಂದರೆ ಕಡಲ ಗಾಳಿ ಒಳಹೊಕ್ಕಿದೆ ಎಂದೇ ತಿಳಿಯಿರಿ.

ತೊಕ್ಕೊಟ್ಟು ಕೀಬೋರ್ಡ್

ಡಿಎಸ್61 ಕೊಳ್ಳುವುದೆಂದು ನಿಶ್ಚಯಿಸಿದ್ದೇನೆ. ಸ್ಪ್ಲಿಟ್, ಪೆಡಲ್, ಕೊಳಲು ಈ ಮೂರನ್ನು ಯಾವ ಉಪಾಯದಿಂದಲೂ ಮಿನಿಲಾಗ್‌ನಲ್ಲಿ ತರಲಾಗದು. ಆದರೆ ಬಿಜೈಯವರು ವರ್ಣಿಸಿದ ಆ ಮಂದ್ರ ಸ್ವರ ತಲೆಯಿಂದ ಹೋಗುತ್ತಿಲ್ಲ. ಅದನ್ನು ಡಿಎಸ್‌ನಲ್ಲಿ ಸ್ವಲ್ಪವಾದರೂ ತರುವ ದಾರಿ ಇದೆಯೇ? ಮಿನಿಲಾಗ್ ಮಾರುತ್ತಿರುವವರು ಪರಿಚಿತರೇ. ಒಂದು ದಿನದ ಮಟ್ಟಿಗೆ ಕೊಟ್ಟಾರು.

ಮಣಿಪಾಲ ಮಿಕ್ಸರ್

ಇದೆ. ಡಿಎಸ್‌ನಲ್ಲಿ ಹೊರಗಿನ ವೇವ್ ಫೈಲುಗಳನ್ನು ಒಳಗೆ ತುಂಬಿಸಿಕೊಂಡು ಕೀಗಳ ಮೇಲೆ ನುಡಿಸುವ ಸೌಲಭ್ಯವಿದೆ. ಮಿನಿಲಾಗ್ ಕೈಗೆ ಸಿಕ್ಕಿದ ದಿನ ನಿಮಗೆ ಬೇಕಾದ ಮಂದ್ರ ನಾದವನ್ನು ಹೊಂದಿಸಿ, ಅದರ ಡಿಲೇಯನ್ನು ಪೂರ್ತಿ ಆಫ್ ಮಾಡಿ, ಮೂರು ಮೂರು ಅರ್ಧಸ್ವರಗಳ ಅಂತರದಲ್ಲಿ ಒಂದೊಂದು ಸ್ವರವನ್ನೂ ದೀರ್ಘವಾಗಿ ರೆಕಾರ್ಡ್ ಮಾಡಿಕೊಳ್ಳಿ. ಒಂದೇ ಸ್ವರವನ್ನು ಮುದ್ರಿಸಿ ಇಡೀ ಕೀಬೋರ್ಡಿಗೆ ಹಿಗ್ಗಿಸಿದರೆ ಮೇಲೆ ಹೋದಂತೆ ಆ ತೂಗಾಟ ವೇಗವಾಗಿ, ಕೆಳಗೆ ಬಂದಂತೆ ನಿಧಾನವಾಗಿ ಕೇಳಿ ಕೃತಕವಾಗುತ್ತದೆ. 44.1 ಕಿಲೋಹರ್ಟ್ಜ್, 16 ಬಿಟ್, ಮೋನೋದಲ್ಲಿ ಒಂದು ನಿಮಿಷದ ಮುದ್ರಣ ಸುಮಾರು 5 ಮೆಗಾಬೈಟ್ ಆಗುತ್ತದೆ, ಆದ್ದರಿಂದ ಜಾಗದ ಚಿಂತೆ ಬೇಡ. ಸುತ್ತುವ ತುಣುಕು ಚಿಕ್ಕದಾಗದಂತೆ ನೋಡಿಕೊಂಡರೆ ಸಾಕು. ಫಿಲ್ಟರ್ ಅರ್ಧ ಮುಚ್ಚಿದ್ದು ಒಂದು, ಪೂರ್ತಿ ತೆರೆದದ್ದು ಒಂದು ಎಂದು ಎರಡು ಸರಣಿ ಮಾಡಿಕೊಂಡು, ಎರಡನ್ನೂ ಲೇಯರ್ ಮಾಡಿ, ಅವುಗಳ ಮಟ್ಟವನ್ನು ಡಿಎಸ್‌ನ ಸ್ಲೈಡರುಗಳಿಂದ ಏರಿಳಿಸಿ.

ಬಿಜೈಯವರ ಕಿವಿಗೆ ಇದು ಮೂಲಕ್ಕೆ ಸಮನಾಗದು. ಒಂದು ಸಂಭಾಷಣೆಯ ಅಡಿಯಲ್ಲಿ ಹಿಡಿಯಲು ಸಾಲುತ್ತದೆ. ರೆಕಾರ್ಡ್ ಮಾಡುವಾಗ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದಿಡಿ, ಇಲ್ಲದಿದ್ದರೆ ಮಂದ್ರದ ಜೊತೆಗೆ ಕರೆಂಟಿನ ಗುಂಯ್‌ಗುಡುವಿಕೆಯೂ ಸ್ಯಾಂಪಲಿಗೆ ಸೇರುತ್ತದೆ.